ಅಳಿಯನ ಕಿಂಡಿ

ಯಂತ್ರದ ನಕ್ಷೆ ಬರೆಯುವುದರಲ್ಲಿ ಚಿಕ್ಕೋಡಿಯಿಂದ ಕಾಗವಾಡದವರೆಗೆ ನನ್ನನ್ನು ಮೀರಿಸುವವರು ಯಾರೂ ಇಲ್ಲವೆಂದು ನಾನು ಹದಿನೆಂಟು ವರ್ಷ ನಂಬಿದ್ದೆ. ಹಾಗೆ ನಂಬಿದವನು ನಾನೊಬ್ಬನೇ ಎಂಬುದು ಬೇರೆ ಮಾತು. ನಿಪ್ಪಾಣಿಯ ಒಂದು ವರ್ಕ್‌ಶಾಪಿನಲ್ಲಿ ನನ್ನ ನೌಕರಿ. ರಾಶಿ ಮಾಡುವ ಮಷೀನು, ಕಬ್ಬಿನ ಗಾಣ, ಟ್ರ್ಯಾಕ್ಟರಿನ ಟ್ರೇಲರು, ಎಲ್ಲವೂ ನನ್ನ ನಕ್ಷೆಯಿಂದಲೇ ಹುಟ್ಟುತ್ತಿದ್ದವು. ಮಾಲೀಕರಾದ ಜಿನ್ನಪ್ಪಣ್ಣನವರು ನನ್ನನ್ನು "ಏ ಅಣ್ಣಾಸಾಬ" ಎಂದು ಕರೆಯುತ್ತಿದ್ದರು. ನಾನು "ಬಂದೆ ರೀ ಅಣ್ಣಾ" ಎಂದು ಓಡುತ್ತಿದ್ದೆ. ಸುಖವಾಗಿತ್ತು.

ಆಗ ಸನ್ಮತಿ ಮಗದುಮ್ ಬಂದ.

ಜುಗೂಳದವನು. ಪುಣೆಯ ದೊಡ್ಡ ಕಂಪನಿಯಲ್ಲಿ ಆರು ವರ್ಷ ಇದ್ದು ಊರ ಕಡೆ ಬಂದಿದ್ದ. ಬೆನ್ನ ಮೇಲೆ ಲ್ಯಾಪ್‌ಟಾಪು, ಮುಖದ ಮೇಲೆ ಸದಾ ಒಂದು ನಗೆ. ಮೊದಲ ದಿನವೇ ಜಿನ್ನಪ್ಪಣ್ಣ ಅವನಿಗೆ "ಬರ್ರಿ ಮಗದುಮ್ ಸರ್, ಕೂಡ್ರಿ" ಎಂದರು. ಸರ್! ಹದಿನೆಂಟು ವರ್ಷದಲ್ಲಿ ನನಗೆ "ಕೂಡು" ಎಂದದ್ದು ಒಂದೇ ಸಲ. ಅದೂ ಟ್ರೇಲರಿನ ಅಚ್ಚು ಗಟ್ಟಿ ಇದೆಯೋ ಇಲ್ಲವೋ ನೋಡಲಿಕ್ಕೆ!

ಮುಚ್ಚಿಡುವುದೇಕೆ? ನನಗೆ ಹೊಟ್ಟೆಕಿಚ್ಚಾಯಿತು. ಸಾಧಾರಣ ಕಿಚ್ಚಲ್ಲ. ಅವನು ಚಹಾ ಕುಡಿದರೆ ನನ್ನ ನಾಲಿಗೆ ಸುಡುತ್ತಿತ್ತು.

ಅದೇ ಸುಮಾರಿಗೆ ಬೋರಗಾಂವದ ಸಮಾಜದವರು ಒಂದು ಭಕ್ರಿ ಮಷೀನು ಬೇಕೆಂದು ಬಂದರು. ಜೋಳದ ರೊಟ್ಟಿಗೆ ನಮ್ಮ ಕಡೆ ಭಕ್ರಿ ಅನ್ನುತ್ತಾರೆ. ಬಸದಿಯ ಪೂಜೆಯ ದಿನ ಸಮಾಜ ಭವನದಲ್ಲಿ ಐದುನೂರು ಮಂದಿಯ ಊಟ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಲೇಬೇಕು. ಐದುನೂರು ಮಂದಿಗೆ ಭಕ್ರಿ ಬಡಿದು ಬಡಿದು ಊರ ಹೆಣ್ಣುಮಕ್ಕಳ ಕೈ ಬಿದ್ದುಹೋಗಿದ್ದವು. ಬೋರಗಾಂವ ಎಂದರೆ ನನ್ನ ಹೆಂಡತಿ ಪದ್ಮಾಳ ತವರು. ಅಲ್ಲಿ ನಾನು ಅಳಿಯ. ಆ ಮಷೀನು ನನ್ನ ಕೈಯಿಂದಲೇ ಹುಟ್ಟಬೇಕೆಂಬುದು ವಿಧಿಯ ಇಚ್ಛೆ ಎಂದುಕೊಂಡೆ.

ಜಿನ್ನಪ್ಪಣ್ಣ ನಮ್ಮನ್ನು ಕೂಡಿಸಿ ಹೇಳಿದರು, "ನೋಡ್ರಿ, ಇದು ಛಲೋ ಆತಂದ್ರ ಹೊಸಾ ಡಿಸೈನ್ ವಿಭಾಗ ತಗೀತೀನಿ. ಯಾರ ನಕ್ಷಾದಾಗ ಮಷೀನ್ ಆಗತೈತಿ, ಅವ್ರ ಹೆಸರು ಹಿತ್ತಾಳಿ ಪಟ್ಟಿ ಮ್ಯಾಲ ಕೊರಸಿ ಮಷೀನಿಗೆ ಹೊಡಸ್ತೀನಿ. ವಿಭಾಗಕ್ಕೂ ಅವ್ರ ಮುಖ್ಯಸ್ಥರು."

ಹಿತ್ತಾಳೆ ಪಟ್ಟಿ! ಅತ್ತೆ ಮಾವ, ಷಡ್ಡಕರು, ಇಡೀ ಬೋರಗಾಂವ ಊಟಕ್ಕೆ ಕೂತಾಗ ಕಣ್ಣೆದುರಿಗೆ ನನ್ನ ಹೆಸರು! ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಮಗದುಮ್ ಕೆಲಸ ಶುರುಮಾಡಿದ ರೀತಿಯೇ ವಿಚಿತ್ರ. ನಾವು ಮೊದಲು ಕಬ್ಬಿಣ ಕತ್ತರಿಸಿ ಆಮೇಲೆ ಯೋಚಿಸುವವರು. ಅವನು ಹೇಳಿದ, "ಇದರಾಗ ನಾಕು ಥರದ ಮಾಡೆಲ್ ಅದಾವ ರೀ. ನಂದು ಒಂದು ಸಾಫ್ಟ್‌ವೇರ್, ಅಣ್ಣಾಸಾಬ್ರದು ಹಳೇ ಸಾಫ್ಟ್‌ವೇರ್, ವಿಠ್ಠಲ ಕಾಂಬಳೆ ಕರೆಂಟಿನ ನಕ್ಷಾ ಮತ್ತೊಂದರಾಗ ಬರಿತಾರ, ಉರಿ ಲೆಕ್ಕ ಇನ್ನೊಂದರಾಗ. ಒಂದಕ್ಕೊಂದು ಹೊಂದಿಲ್ಲಂದ್ರ ಮಷೀನ್ ಹೊಂದೂದಿಲ್ಲ. ಕಬ್ಬಿಣ ಮುಟ್ಟೂಕಿಂತ ಮೊದ್ಲ ಪೂರಾ ಮಷೀನ್ ಕಂಪ್ಯೂಟರದಾಗ ನಿಂತಿರಬೇಕು."

ವಿಠ್ಠಲ ಕಾಂಬಳೆ ಎಂದರೆ ನಮ್ಮ ಇಲೆಕ್ಟ್ರಿಷಿಯನ್, ಕಬ್ಬೂರದವನು. ಅವನೂ ತಲೆಯಾಡಿಸಿದ. ನನಗೆ ಅವನ ಮೇಲೂ ಸಿಟ್ಟು ಬಂತು.

ಅಷ್ಟಕ್ಕೇ ನಿಲ್ಲಲಿಲ್ಲ. ಮಗದುಮ್ ಒಂದು ರವಿವಾರ ನಮ್ಮ ಮನೆಗೇ ಬಂದ! ನನ್ನನ್ನು ನೋಡಲಿಕ್ಕಲ್ಲ, ಪದ್ಮಾಳನ್ನು ಕೇಳಲಿಕ್ಕೆ.

"ಅಕ್ಕಾರ, ಭಕ್ರಿ ಹೆಂಗಿರಬೇಕು, ಒಂದೊಂದ ಹೇಳ್ರಿ, ಬರಕೊಳ್ತೀನಿ."

ಪದ್ಮಾ ಸೆರಗು ಸಿಕ್ಕಿಸಿಕೊಂಡು ಕೂತಳು. ಹಿಟ್ಟಿಗೆ ನೀರು ಎಷ್ಟು ಕುದಿದಿರಬೇಕು, ಅಂಚು ಹರಿಯಬಾರದು, ಉಬ್ಬಬೇಕು, ಉಬ್ಬಿದ ಮೇಲೆ ಒಡೆಯಬಾರದು. ಒಂದು ಗಂಟೆ ಹೇಳಿದಳು. ಅವನು ಸಾಲಿಗೆ ನಂಬರು ಹಾಕಿ ಬರೆದುಕೊಂಡ. ಏಳನೆಯ ಸಾಲು ನನಗೆ ಈಗಲೂ ಬಾಯಿಪಾಠ: "ಹಿಟ್ಟು ಹಾಕಾಕ ನಿಂತಾಕಿ ಬಲಗೈ ಕಡಿ ಭಕ್ರಿ ಬರಬೇಕು. ಭವನದಾಗ ಊಟ ಬಡಸೂ ಕಿಂಡಿ ಆ ಕಡಿ ಐತಿ. ಎಡಗಡಿ ಭಾಂಡೆ ತೊಳೆಯೂ ಮೋರಿ ಐತಿ."

ಅವನು ಹೋದ ಮೇಲೆ ಪದ್ಮಾ ಹೇಳಿದಳು, "ಎಷ್ಟ್ ಶಾಣ್ಯಾ ಅದಾನ ನೋಡ್ರಿ. ಲಗ್ನ ಆಗಿ ಇಷ್ಟ್ ವರ್ಷ ಆತು, ಭಕ್ರಿ ಹೆಂಗ ಮಾಡ್ತಿ ಅಂತ ನೀವು ಒಂದ ದಿನಾನೂ ಕೇಳಲಿಲ್ಲ."

"ತಿಂತಿದ್ನೆಲ್ಲಾ? ಅದು ಸಾಲದನ?"

"ಹೊಟ್ಟಿ ಉರ್ಕೋಬ್ಯಾಡ್ರಿ. ನಿಮ್ಮ ಹೊಟ್ಟಿ ಮ್ಯಾಲ ತವಾ ಇಟ್ರ ಐದುನೂರು ಭಕ್ರಿ ಬೇಯ್ತಾವ. ಮಷೀನ್ ಯಾಕ ಬೇಕು ಬೋರಗಾಂವಕ್ಕ?"

ನಾನು ಗಂಭೀರವಾಗಿ ಪೇಪರು ಓದಿದೆ. ತಲೆಕೆಳಗಾಗಿ ಹಿಡಿದಿದ್ದೆನೆಂದು ಆಮೇಲೆ ತಿಳಿಯಿತು.

ಹದಿನೈದು ದಿನಕ್ಕೆ ಮಗದುಮ್ ನಕ್ಷೆ ಮುಗಿಸಿ ಪೆನ್ ಡ್ರೈವಿನಲ್ಲಿ ನನಗೆ ಕೊಟ್ಟ. "ಅಣ್ಣಾಸಾಬ್ರ, ನೀವು ಹಿರ್ಯಾರು. ಒಮ್ಮೆ ನೋಡಿ ಇಸ್ಮಾಯಿಲ್ ಮಿಸ್ತ್ರಿ ಕೈಯಾಗ ಕೊಡ್ರಿ. ಮೂಲ್ಯಾಗಿನ ಗುರ್ತ ನೋಡಿ ಶುರುಮಾಡ್ರಿ ಅಂತ ಅವ್ರಿಗೆ ಹೇಳೀನಿ." ಇಸ್ಮಾಯಿಲ್ ಮಿಸ್ತ್ರಿ ನಮ್ಮ ಹಳೆಯ ಫಿಟ್ಟರು. ಕಾಗದದಲ್ಲಿ ಹೇಗಿದೆಯೋ ಹಾಗೆ ಕಬ್ಬಿಣದಲ್ಲಿ ತೆಗೆಯುವ ಮನುಷ್ಯ.

ನಕ್ಷೆ ತೆರೆದು ನೋಡಿದೆ. ಚೆನ್ನಾಗಿತ್ತು. ಅದೇ ನೋವು. ಒಂದು ತಪ್ಪಾದರೂ ಸಿಗಲೆಂದು ಎರಡು ದಿನ ಹುಡುಕಿದೆ, ಸಿಗಲಿಲ್ಲ. ಕಣ್ಣು ಕೊನೆಗೆ ಕೆಳಗಿನ ಬಲಮೂಲೆಗೆ ಹೋಗಿ ನಿಂತಿತು. ಅಲ್ಲೊಂದು ಚೌಕ. ಚೌಕದಲ್ಲಿ "ನಕ್ಷೆ: ಸನ್ಮತಿ ಮಗದುಮ್". ಪಕ್ಕದಲ್ಲಿ ಎರಡು ಸುತ್ತು ಮತ್ತು ಅಡ್ಡ ಮಲಗಿಸಿದ ಬಕೆಟ್ಟಿನಂಥ ಒಂದು ಪುಟ್ಟ ಚಿತ್ರ.

ಹಿತ್ತಾಳೆ ಪಟ್ಟಿ ಬರೆಸುವಾಗ ಜಿನ್ನಪ್ಪಣ್ಣ ಈ ಚೌಕವನ್ನೇ ನೋಡುತ್ತಾರೆ! ನಾನು ಹಿಂದೆ ಮುಂದೆ ನೋಡಿದೆ. ಯಾರೂ ಇರಲಿಲ್ಲ. ಚೌಕವನ್ನು ಆರಿಸಿದೆ, ಅಳಿಸುವ ಗುಂಡಿ ಒತ್ತಿದೆ. ಸನ್ಮತಿ ಮಗದುಮ್ ಮಾಯ! ಬಕೆಟ್ಟೂ ಮಾಯ. ಆ ಜಾಗದಲ್ಲಿ ನನ್ನ ಹಳೆಯ ಚೌಕ ಅಂಟಿಸಿ "ನಕ್ಷೆ: ಅಣ್ಣಾಸಾಬ ಚೌಗಲಾ" ಎಂದು ಎರಡು ಪಟ್ಟು ದಪ್ಪ ಅಕ್ಷರದಲ್ಲಿ ಬರೆದೆ. ಆತ್ಮಸಾಕ್ಷಿ ಸ್ವಲ್ಪ ಕೆಮ್ಮಿತು. "ಹಿರಿಯರಾಗಿ ಒಮ್ಮೆ ನೋಡಿದ್ದೀನಲ್ಲ" ಎಂದು ಅದಕ್ಕೆ ಸಮಾಧಾನ ಹೇಳಿದೆ.

ಇಲ್ಲಿ ಓದುಗರಿಗೆ ಒಂದು ವಿಷಯ ಅರಿಕೆ ಮಾಡಿಕೊಳ್ಳಬೇಕು. ಆ ಬಕೆಟ್ಟು ಅಲಂಕಾರಕ್ಕೆ ಇರಲಿಲ್ಲ. ಯಂತ್ರದ ಬದಿಯ ಚಿತ್ರ ಬರೆಯುವುದರಲ್ಲಿ ಎರಡು ಪದ್ಧತಿ ಇವೆ. ನಮ್ಮ ಕಡೆ ರೂಢಿಯಲ್ಲಿ, ಎದುರಿನ ಚಿತ್ರದ ಬಲಕ್ಕೆ ಯಂತ್ರದ ಎಡಬದಿಯನ್ನು ಬರೆಯುತ್ತೇವೆ. ಮಗದುಮ್‌ನ ಸಾಫ್ಟ್‌ವೇರಿನಲ್ಲಿ ಬಲಕ್ಕೆ ಬಲಬದಿಯೇ ಬರುತ್ತದೆ. ಯಾವ ಪದ್ಧತಿ ಎಂದು ತಿಳಿಸುವ ಗುರುತೇ ಆ ಬಕೆಟ್ಟು. ಇದನ್ನು ಡಿಪ್ಲೊಮಾದ ಮೊದಲ ವರ್ಷವೇ ಕಲಿಸುತ್ತಾರೆ. ನನಗೂ ಕಲಿಸಿದ್ದರು. ಪಾಸೂ ಆಗಿದ್ದೆ! ಆದರೆ ಮನುಷ್ಯನ ಕಣ್ಣು ಇನ್ನೊಬ್ಬನ ಹೆಸರಿನ ಮೇಲೆ ನೆಟ್ಟಾಗ ಪಕ್ಕದಲ್ಲಿ ಏನಿದೆಯೆಂದು ಅದಕ್ಕೆ ಕಾಣುವುದಿಲ್ಲ.

ಭಕ್ರಿ ಮಷೀನು ಎದುರಿನಿಂದ ಸಾದಾ ಪೆಟ್ಟಿಗೆ. ಭಕ್ರಿ ಹೊರಗೆ ಬೀಳುವ ಬಾಯಿ ಇದ್ದದ್ದು ಬದಿಯ ಚಿತ್ರದಲ್ಲಿ ಮಾತ್ರ.

ಇಸ್ಮಾಯಿಲ್ ಮಿಸ್ತ್ರಿ ಕಾಗದ ತಿರುಗಿಸಿ ತಿರುಗಿಸಿ ನೋಡಿ ಕೇಳಿದರು, "ಅಣ್ಣಾಸಾಬ್ರ, ಮೂಲ್ಯಾಗ ಗುರ್ತ ಐತಿ, ನೋಡಿ ಮಾಡ್ರಿ ಅಂದಿದ್ರು ಮಗದುಮ್ ಸರ್. ಎಲ್ಲೈತಿ ಗುರ್ತ?"

ಗುರುತು! ಮಗದುಮ್ ಸರ್! ನನ್ನ ಹೊಟ್ಟೆಯ ಒಲೆ ಭಗ್ ಎಂದಿತು.

"ಗುರ್ತ ಇಲ್ಲ ಏನಿಲ್ಲ ಮಿಸ್ತ್ರಿ. ಕೆಳಗ ಹೆಸರು ಯಾರದೈತಿ ನೋಡ್ರಿ. ಮೂವತ್ತು ವರ್ಷ ಹೆಂಗ ಮಾಡಿರಿ, ಹಂಗ ಮಾಡ್ರಿ."

"ಹಂಗಂದ್ರ ಆತ ಬಿಡ್ರಿ" ಎಂದರು. ಮೂವತ್ತು ವರ್ಷ ಮಾಡಿದ ಹಾಗೆಯೇ ಮಾಡಿದರು.

ಇತ್ತ ನನಗೆ ಇನ್ನೊಂದು ಜವಾಬ್ದಾರಿ ಬಿತ್ತು. ಎಲ್ಲ ಮಾಡೆಲುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿ ತಪಾಸಣೆಯ ವಹಿಯಲ್ಲಿ ಗುರುತು ಹಾಕುವ ಕೆಲಸ. ಅದಕ್ಕೆ ಹಿರಿಯರು ಬೇಕೆಂದು ಮಗದುಮ್‌ನೇ ನನ್ನ ಹೆಸರು ಹೇಳಿದ್ದ. ಮಾನ ಕೊಟ್ಟು ಕೊಲ್ಲುವ ಪೈಕಿ! ನನಗೆ ಅವನ ಸಾಫ್ಟ್‌ವೇರಿನಲ್ಲಿ ಹೊಂದಿಸಿ ನೋಡಲು ಬರುತ್ತಿರಲಿಲ್ಲ. ಹೇಳಿಕೊಡು ಎಂದು ಅವನನ್ನು ಕೇಳುವುದೇ? ಸಾಧ್ಯವೇ ಇಲ್ಲ! ನನ್ನದೇ ತಂತ್ರಜ್ಞಾನ ಕಂಡುಹಿಡಿದೆ. ಮಿಸ್ತ್ರಿಯ ಮಷೀನಿನ ಮೇಲ್ಭಾಗ ಅಳೆದು ಕಾಗದದ ಮೇಲೆ ಬರೆದೆ. ವಿಠ್ಠಲನ ಕರೆಂಟಿನ ನಕ್ಷೆಯನ್ನು ಅದರ ಮೇಲಿಟ್ಟು, ಎರಡನ್ನೂ ಕಿಟಕಿಯ ಗಾಜಿಗೆ ಹಿಡಿದೆ. ಬಿಸಿಲಲ್ಲಿ ಎರಡೂ ಕಾಣುತ್ತಿದ್ದವು.

ಹೊಂದಲಿಲ್ಲ. ಬಾಯಿ ಒಂದು ಕಡೆ, ಭಕ್ರಿ ಎಣಿಸುವ ಸೆನ್ಸರು ಇನ್ನೊಂದು ಕಡೆ. ಮೇಲಿನ ಕಾಗದವನ್ನು ಮಗುಚಿ, ಹಿಂಬದಿಯಿಂದ ಹಿಡಿದೆ.

ಹೊಂದಿತು! ಗೆರೆಗೆ ಗೆರೆ ಕೂತಿತು!

ವಹಿಯಲ್ಲಿ "ಎಲ್ಲವೂ ಸರಿಯಾಗಿ ಹೊಂದುತ್ತವೆ" ಎಂದು ಬರೆದು ಸಹಿ ಮಾಡಿದೆ. ಹೆಸರು ದಪ್ಪಗೆ.

ಸಾಗಿಸುವ ಮುಂಚಿನ ದಿನ ಮಗದುಮ್ ಬಂದು ಕೇಳಿದ, "ಅಣ್ಣಾಸಾಬ್ರ, ವಿಠ್ಠಲನ ಕರೆಂಟಿನ ಪ್ಯಾನಲ್ ಇಲ್ಲೇ ಜೋಡಿಸಿ ಒಮ್ಮೆ ಚಾಲೂ ಮಾಡೂಣೇನು? ಬೋರಗಾಂವದಾಗ ಮೊದ್ಲನೇ ಸಲ ಜೋಡಿಸೂದು ಛಲೋ ಅಲ್ಲ."

ಇಲ್ಲಿ ಚಾಲೂ ಮಾಡಿದರೆ ಮಾಲೀಕರ ಮುಂದೆ ಚಪ್ಪಾಳೆ ಅವನಿಗೆ ಬೀಳುತ್ತದೆ. "ವಹಿ ನೋಡ್ರಿ" ಎಂದೆ. ನೋಡಿದ. ನನ್ನ ಸಹಿ ನೋಡಿ ನಂಬಿದ. ನಾನು ಅವನಾಗಿದ್ದರೆ ನಂಬುತ್ತಿರಲಿಲ್ಲ.

ಪೂಜೆಯ ದಿನ ಮಧ್ಯಾಹ್ನ ನಾವೆಲ್ಲ ಬೋರಗಾಂವದಲ್ಲಿದ್ದೆವು. ಮಷೀನಿಗೆ ಹೊದಿಸಿದ್ದ ಬಟ್ಟೆ ತೆಗೆದು ಸಿಮೆಂಟಿನ ಕಟ್ಟೆಗೆ ಬೋಲ್ಟು ಬಿಗಿದರು. ಹಿತ್ತಾಳೆ ಪಟ್ಟಿ ನನ್ನ ಹೆಸರಿನದೇ! ಮೂಲೆಯ ಚೌಕ ಕೆಲಸ ಮಾಡಿತ್ತು. ಬಾಯಿಯ ಪಕ್ಕದಲ್ಲೇ ಹೊಡೆಯಲು ನಾನೇ ಹೇಳಿದ್ದೆ. ಬಡಿಸುವ ಕಿಂಡಿಯಿಂದ ಎಲ್ಲರಿಗೂ ಕಾಣಬೇಕಲ್ಲ. ಮಗದುಮ್ ಪಟ್ಟಿಯನ್ನು ಓದಿದ. ಆಮೇಲೆ ಪಟ್ಟಿ ಇದ್ದ ಜಾಗ ನೋಡಿದ. ಅವನ ನಗೆ ಮೊದಲ ಸಲ ಮಾಯವಾಯಿತು.

"ಅಣ್ಣಾಸಾಬ್ರ, ಬಾಯಿ ಮೋರಿ ಕಡಿ ಐತೆಲ್ಲ?"

ನಾನು ನೋಡಿದೆ. ಇತ್ತು.

ಅಷ್ಟರಲ್ಲಿ ನಮ್ಮ ಮಾವ ತೆಂಗಿನಕಾಯಿ ಒಡೆದು ಗುಂಡಿ ಒತ್ತಿಬಿಟ್ಟರು! ಪದ್ಮಾ ಎದುರಿಗೆ ನಿಂತು ಹಿಟ್ಟಿನ ಮೊದಲ ಉಂಡೆ ಹಾಕಿದಳು. ಒಳಗೆ ಭಕ್ರಿ ಸಾಗಿಸುವ ಪಟ್ಟೆ ತಿರುಗಿತು. ಒಂದು ಉಂಡೆ, ಹತ್ತು ಉಂಡೆ, ಇಪ್ಪತ್ತು ಉಂಡೆ. ಹೊರಗೆ ಒಂದೂ ಇಲ್ಲ. ವಿಠ್ಠಲನ ಪ್ಯಾನಲ್ಲು ಮಗದುಮ್‌ನ ನಕ್ಷೆಯಂತೆ ಪಟ್ಟೆಯನ್ನು ಬಲಕ್ಕೆ ಓಡಿಸುತ್ತಿತ್ತು. ಮಿಸ್ತ್ರಿ ಬಾಯಿಯನ್ನು ಎಡಕ್ಕೆ ಇಟ್ಟಿದ್ದರು. ಭಕ್ರಿಗಳು ಬಾಯಿಲ್ಲದ ಗೋಡೆಗೆ ಹೋಗಿ ಒಂದರ ಮೇಲೊಂದು ಸುಡುತ್ತ ಕೂತಿದ್ದವು. ಸಂದಿಗಳಿಂದ ಹೊಗೆ ಬಂತು.

"ಅಹೋ ಜಾವಯಿಬಾಪು, ಭಾಕ್ರಿ ಕುಠಾಯ್?" ಎಂದು ಪಂಕ್ತಿಯಿಂದ ನನ್ನ ದೊಡ್ಡ ಷಡ್ಡಕ ಮರಾಠಿಯಲ್ಲಿ ಕೂಗಿದ. ಅಳಿಯಂದಿರೇ, ಎಲ್ಲಿ ನಿಮ್ಮ ಭಕ್ರಿ?

"ಬೇಯಾಕತ್ತಾವ!" ಎಂದೆ. ಸುಳ್ಳಲ್ಲವಲ್ಲ.

ವಿಠ್ಠಲ ಓಡಿಬಂದು ಮೋಟರಿನ ಎರಡು ವಾಯರು ಅದಲು ಬದಲು ಮಾಡಿದ. ಪಂಪ್‌ಸೆಟ್ ಉಲ್ಟಾ ತಿರುಗಿದರೆ ಯಾವ ರೈತನಾದರೂ ಮಾಡುವ ಕೆಲಸ. ಪಟ್ಟೆ ಎಡಕ್ಕೆ ಓಡಿತು. ಭಕ್ರಿ ಬಂತು! ದುಂಡಗೆ, ಉಬ್ಬಿಕೊಂಡು, ಚಂದ್ರನ ಹಾಗೆ ಬಂದು ನೇರ ಮೋರಿಯಲ್ಲಿ ಬಿತ್ತು. ಪ್ಲಪ್! ಭಾಂಡೆ ತೊಳೆಯುತ್ತಿದ್ದ ಅಜ್ಜಿ ಬೆಚ್ಚಿಬಿದ್ದಳು. ಹಿಂದೆಯೇ ಇನ್ನೊಂದು. ಪ್ಲಪ್!

ಬಡಿಸುವ ಕಿಂಡಿಯ ಚೌಕಟ್ಟಿಗೆ ಎಣಿಸುವ ಸೆನ್ಸರು ಹಾಕಿದ್ದರು. ಅದರ ಮೇಲಿನ ಕೆಂಪು ಅಂಕಿ ಮಾತ್ರ ಶಾಂತವಾಗಿ ಸೊನ್ನೆ ತೋರಿಸುತ್ತಿತ್ತು.

"ಮಷೀನ್ ತಿರುಗಿಸಿ ಕೂಡಸ್ರಿ!" ಎಂದೆ, ಸೇನಾಪತಿಯಂತೆ.

"ತಿರುಗಿಸಿದ್ರ ಹಿಟ್ಟ ಹಾಕೂದು ಹಿಂದಿನ ಗ್ವಾಡಿಗೆ ಬರತೈತಿ" ಎಂದಳು ಪದ್ಮಾ. "ನಾ ಏನ್ ಗ್ವಾಡಿ ಒಳಗ ನಿಂದ್ರಲೇನು? ಏಳನೇ ಸಾಲಿನ್ಯಾಗ ಅಷ್ಟ್ ಬಿಡಿಸಿ ಹೇಳಿದ್ನೆಲ್ರೀ!"

ಹೊತ್ತು ಇಳಿಯುತ್ತಿತ್ತು. ಮುಳುಗಿದರೆ ಐದುನೂರು ಮಂದಿ ಉಪವಾಸ ಏಳಬೇಕು. ಅದೂ ಅಳಿಯನ ಕೃಪೆಯಿಂದ! ಪದ್ಮಾ ಓಣಿಯ ಹೆಣ್ಣುಮಕ್ಕಳನ್ನು ಕೂಗಿದಳು. ಹಿತ್ತಲಲ್ಲಿ ಒಲೆ ಹೊತ್ತಿದವು, ಭಕ್ರಿ ಬಡಿಯುವ ಸದ್ದು ಶುರುವಾಯಿತು. ಇತ್ತ ಮಗದುಮ್ ಷರಟಿನ ತೋಳು ಮಡಚಿ ಮೋರಿಯಲ್ಲಿ ಇಳಿದು ಬುಟ್ಟಿ ಹಿಡಿದ. ಬಾಯಿಂದ ಬಿದ್ದ ಭಕ್ರಿ ಬುಟ್ಟಿಗೆ ಹಿಡಿಯುವುದು ಅವನ ಕೆಲಸ. ತುಂಬಿದ ಬುಟ್ಟಿ ಹೊತ್ತು ಅಡುಗೆಮನೆ ದಾಟಿ ಕಿಂಡಿಗೆ ಒಯ್ಯುವುದು ನನ್ನ ಕೆಲಸ. ಯಂತ್ರಕ್ಕೂ ಪಂಕ್ತಿಗೂ ಹೊಂದಾಣಿಕೆ ಮಾಡಿದ ಏಕಮಾತ್ರ ಸಾಧನ ನಾನು!

ಪ್ರತಿ ಸಲ ನಾನು ಕಿಂಡಿಗೆ ಬಗ್ಗಿದಾಗ ಸೆನ್ಸರು ನನ್ನ ಹೊಟ್ಟೆ ಕಂಡು ಒಂದು ಅಂಕಿ ಏರಿಸುತ್ತಿತ್ತು. ಹೊತ್ತು ಮುಳುಗುವುದರೊಳಗೆ ಕೊನೆಯ ಪಂಕ್ತಿ ಎದ್ದಿತು. ಯಂತ್ರ ಲೆಕ್ಕ ತೋರಿಸಿತು: ಅರವತ್ತೆರಡು. ಆ ದಿನ ಅದು ಒಂದು ಭಕ್ರಿಯನ್ನೂ ಎಣಿಸಲಿಲ್ಲ. ನನ್ನನ್ನೇ ಅರವತ್ತೆರಡು ಸಲ ಎಣಿಸಿತು.

ಊಟದ ನಂತರ ಜಿನ್ನಪ್ಪಣ್ಣ ಮಷೀನಿನ ಮುಂದೆ ನಿಂತು, ಎಲ್ಲರೆದುರಿಗೆ ಕೇಳಿದರು. "ತಪ್ಪು ಯಾರದು?"

ಇಸ್ಮಾಯಿಲ್ ಮಿಸ್ತ್ರಿ ನಕ್ಷೆಯ ಮಡಿಕೆ ಬಿಚ್ಚತೊಡಗಿದರು. ಆಗ ಮಗದುಮ್ ಮುಂದೆ ಬಂದ. ಪ್ಯಾಂಟಿನಿಂದ ಮೋರಿಯ ನೀರು ಸುರಿಯುತ್ತಿತ್ತು.

"ನಂದ ತಪ್ಪು ರೀ ಅಣ್ಣಾ. ಮಾಡೆಲ್ ನಂದು. ಜೋಡಿಸಿ ನೋಡದ ಕಳಿಸಬಾರದಿತ್ತು."

ಸುತ್ತ ನಿಂತವರೆಲ್ಲ "ಎಂಥಾ ಮನಷ್ಯಾ!" ಎಂಬಂತೆ ಅವನನ್ನು ನೋಡಿದರು. ನಮ್ಮ ಮಾವನ ಕಣ್ಣು ಒದ್ದೆಯಾದವು. ನನ್ನ ಮದುವೆಯಲ್ಲೂ ಅವು ಒದ್ದೆಯಾಗಿರಲಿಲ್ಲ! ನನಗೆ ತಡೆಯಲಾಗಲಿಲ್ಲ. ಸರ್ ಎಂಬ ಮಾತು ಅವನಿಗೆ, ಹೆಂಡತಿಯ ಹೊಗಳಿಕೆ ಅವನಿಗೆ, ಈಗ ಈ ತಪ್ಪೂ ಅವನಿಗೇ?

"ಏನಿಲ್ರಿ!" ಎಂದು ಕೂಗಿದೆ. "ಅದು ನಂದು! ಪೂರಾ ನಂದು! ಅಂವಾ ಬರೆದಿದ್ದು ಖರೇ ಇತ್ತು. ಅಂವನ ಹೆಸರು ಅಳಸಾಕ ಹೋಗಿ ಗುರ್ತ ಅಳಸಿದಾಂವ ನಾನು. ಕಾಗದಾ ಮಗಚಿ ಹೊಂದಿಸಿದಾಂವ ನಾನು. ಸಹಿನೂ ನಂದು, ನೋಡ್ರಿ ಬೇಕಾದ್ರ!"

ಮಿಸ್ತ್ರಿ ನಕ್ಷೆ ಎತ್ತಿ ಹಿಡಿದರು. ಮೂಲೆಯಲ್ಲಿ ಎರಡು ಪಟ್ಟು ದಪ್ಪ ಅಕ್ಷರ. ಹಿಂದಿನ ಸಾಲಿನಲ್ಲಿದ್ದ ಕನ್ನಡಕದ ಮುದುಕರಿಗೂ ಸ್ಪಷ್ಟವಾಗಿ ಕಂಡಿತು.

ನನಗೆ ನಾಚಿಕೆಯಾಯಿತು. ಹೊಟ್ಟೆ ಮಾತ್ರ ಅಂದೇ ಮೊದಲು ತಣ್ಣಗಿತ್ತು.

ಮಷೀನಿಗೆ ಹೊಸ ಪೆಟ್ಟಿಗೆ ಮಾಡುವುದು ತಿಂಗಳುಗಟ್ಟಲೆ ಕೆಲಸ. ಮರುದಿನ ಮಗದುಮ್ ಅಡುಗೆಮನೆಯನ್ನೂ ಅಳೆದು ತನ್ನ ಮಾಡೆಲಿಗೆ ಸೇರಿಸಿದ. ಪದ್ಮಾ "ಗ್ವಾಡಿ ಒಳಗ ನಿಂದ್ರಲೇನು" ಎಂದದ್ದನ್ನು ಅವನು ಬಿಡದೆ ಬರೆದುಕೊಂಡಿದ್ದನಂತೆ! ಮಷೀನನ್ನು ತಿರುಗಿಸಿದರು. ಬಾಯಿ ಬಡಿಸುವ ಕಿಂಡಿಯ ಕಡೆ ಬಂತು. ಹಿಟ್ಟು ಹಾಕುವ ಕಡೆ ಬಂದ ಹಿಂದಿನ ಗೋಡೆಗೆ ಒಂದು ಕಿಂಡಿ ಕೊರೆದರು. ಈಗ ಹೆಣ್ಣುಮಕ್ಕಳು ಹಿತ್ತಲ ಪಡಸಾಲೆಯಲ್ಲಿ ಗಾಳಿಗೆ ನಿಂತು ಅಲ್ಲಿಂದಲೇ ಉಂಡೆ ಹಾಕುತ್ತಾರೆ. ಒಳಗಿನ ಝಳ ಅವರಿಗೆ ತಟ್ಟುವುದಿಲ್ಲ. ಮಷೀನು ಇಂದಿಗೂ ನಡೆಯುತ್ತಿದೆ. ಡಿಸೈನ್ ವಿಭಾಗಕ್ಕೆ ಮಗದುಮ್ ಮುಖ್ಯಸ್ಥನಾದ. ನನಗೆ ಸಾಫ್ಟ್‌ವೇರು ಹೇಳಿಕೊಡುತ್ತಿದ್ದಾನೆ. ನಾನು ನಿಧಾನ ಕಲಿಯುತ್ತಿದ್ದೇನೆ. ಅವನಿಗೆ ತಾಳ್ಮೆ ಬಹಳ, ಅದರ ಮೇಲೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ.

ಹಿತ್ತಾಳೆ ಪಟ್ಟಿ ಬದಲಾಯಿತು, ಅದರಲ್ಲಿ ಈಗ ಅವನ ಹೆಸರಿದೆ. ನನ್ನ ಹೆಸರೂ ಬೋರಗಾಂವದಲ್ಲಿ ಉಳಿದಿದೆ, ಇಲ್ಲವೆನ್ನಲಾರೆ. ಹೋದ ವರ್ಷದ ಪೂಜೆಗೆ ಅಥಣಿ, ರಾಯಬಾಗದ ಕಡೆಯವರು ಮಷೀನು ನೋಡಲು ಬಂದಿದ್ದರು. ನಮ್ಮ ಅತ್ತೆ ಹೆಮ್ಮೆಯಿಂದ ತೋರಿಸುತ್ತಿದ್ದರು.

"ಮಷೀನ್ ಮಗದುಮ್ ಸರ್ ಮಾಡ್ಯಾರ."

"ಮತ್ತ ಈ ಗ್ವಾಡ್ಯಾಗಿನ ತೂತು?"

ಅತ್ತೆ ಸೆರಗು ಸರಿಮಾಡಿಕೊಂಡು, ನನ್ನ ಕಡೆ ಕೈ ತೋರಿಸಿ, ಬಹಳ ಮರ್ಯಾದೆಯಿಂದ ಹೇಳಿದರು:

"ಇದು ನಮ್ಮ ಅಳಿಯಂದಿರದು ರೀ."